ಮುದೀರ್ ಬರುವ ಹೊತ್ತು

ಬಿಲ್ಲು ಸಿಕ್ಕಿದ್ದು ಗೋದಾಮಿನಲ್ಲಿ, ಹರಿದ ಡೇರೆಯೊಂದರ ಕೆಳಗೆ. ಧಣಿಯ ಮಗ ಅದನ್ನು ಇಂಗ್ಲೆಂಡಿನಿಂದ ತಂದಿದ್ದ. ಕೆಲವು ದಿನ ಎಳೆದು, ಬೆರಳಿನ ಚರ್ಮ ಸುಲಿದ ಮೇಲೆ, ಅಲ್ಲಿ ಎಸೆದು ಹೊಸ ಕಾರಿನ ಹಿಂದೆ ಬಿದ್ದಿದ್ದ. ಮೊಯ್ದಿನ್ ಅದರ ಧೂಳು ಒರೆಸಿ, ಹೆದೆಗೆ ಮೇಣ ಸವರಿ, ತನ್ನ ಕೋಣೆಯ ಮೊಳೆಗೆ ತೂಗುಹಾಕಿದ. ಪಾಣೆಮಂಗಳೂರಿನಲ್ಲಿ ಒಣಮೀನಿನ ಬುಟ್ಟಿ ಹೊತ್ತು ಸಂತೆಯಿಂದ ಸಂತೆಗೆ ನಡೆದ ಮನುಷ್ಯ ಅವನು. ಬಿಲ್ಲನ್ನು ಅದುವರೆಗೆ ಮುಟ್ಟಿಯೂ ನೋಡಿದವನಲ್ಲ. ಆದರೆ ಕತಾರಿನ ಆ ತೋಟದಲ್ಲಿ ಸಂಜೆಯ ನಮಾಜಿಗೆ ಮುಂಚೆ ಒಂದು ಖಾಲಿ ಹೊತ್ತು ಇರುತ್ತಿತ್ತು. ಒಣಹುಲ್ಲಿನ ಕಟ್ಟುಗಳನ್ನು ಗೋಡೆಗೆ ಒರಗಿಸಿ ಬಾಣ ಬಿಡತೊಡಗಿದ. ಮೊದಮೊದಲು ಬಾಣಗಳು ಗೋಡೆಗೆ ಬಡಿದು ಬಾಗಿದವು. ಆಮೇಲೆ ಹುಲ್ಲಿಗೆ ತಾಗಿದವು. ಆಮೇಲೆ ಹುಲ್ಲಿಗೆ ಸಿಕ್ಕಿಸಿದ ಹಾಲಿನ ಡಬ್ಬದ ಮುಚ್ಚಳಕ್ಕೆ.

ತೋಟ ಇದ್ದದ್ದು ದೋಹಾದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಿಂದ ಒಳಗೆ, ಡಾಮರಿಲ್ಲದ ದಾರಿಯ ಕೊನೆಯಲ್ಲಿ. ಖರ್ಜೂರದ ಮರಗಳು, ಬರ್ಸೀಮ್ ಹುಲ್ಲಿನ ಎರಡು ಗದ್ದೆ, ಒಂದು ಕೊಳವೆಬಾವಿ, ಮತ್ತೆ ತಂತಿಬಲೆಯ ದೊಡ್ಡ ಆವರಣದಲ್ಲಿ ಧಣಿಯ ಜಿಂಕೆಗಳು. ಧಣಿಯನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಅವನಿಗೆ ಕಾರುಗಳಿಗಿಂತ, ಗಿಡುಗಗಳಿಗಿಂತ ಆ ಜಿಂಕೆಗಳ ಮೇಲೆ ಜೀವ. ತಿಳಿ ಮರಳಿನ ಬಣ್ಣದ, ಕರಿಗಣ್ಣಿನ ಸಣ್ಣ ಪ್ರಾಣಿಗಳು. ಅವುಗಳ ಎದೆ ಬಹಳ ಅಳ್ಳಕ. ಒಮ್ಮೆ ಪಕ್ಕದ ತೋಟದ ಮದುವೆಯಲ್ಲಿ ಗಾಳಿಗೆ ಗುಂಡು ಹಾರಿಸಿದಾಗ ಬೆದರಿ ಓಡಿ, ತಂತಿಗೆ ಬಡಿದು, ಎರಡು ಹೆಣ್ಣು ಜಿಂಕೆಗಳು ಕುತ್ತಿಗೆ ಮುರಿದುಕೊಂಡು ಸತ್ತವು. ಅಂದಿನಿಂದ ಅರ್ಬಾಬ್ ತೋಟದೊಳಗೆ ಬಂದೂಕು ತರಲು ಯಾರಿಗೂ ಬಿಟ್ಟಿರಲಿಲ್ಲ.

ತೊಂಬತ್ಮೂರರ ಚಳಿಗಾಲದಲ್ಲಿ ಬಿರುಗಾಳಿಗೆ ಬೇಲಿಯ ಒಂದು ಮೂಲೆ ಮಲಗಿತು. ಎಲ್ಲ ಜಿಂಕೆಗಳೂ ಒಳಗೇ ಗುಂಪುಗೂಡಿ ನಿಂತಿದ್ದವು, ಒಂದು ಎಳೆಯ ಗಂಡಿನ ಹೊರತು. ಅದು ಹೊರಗೆ ಹೋಯಿತು, ಹೊರಗೇ ಬೆಳೆಯಿತು. ಬೆಳೆದ ಮೇಲೆ ಬೆಳಗಿನ ಹೊತ್ತು ಬೇಲಿಯ ಬಳಿಗೆ ಬರತೊಡಗಿತು. ಒಳಗಿನ ಮುದಿ ಗಂಡಿನ ಜೊತೆ ತಂತಿಯ ಸಂದಿನಲ್ಲೇ ಕೋಡಿಗೆ ಕೋಡು ಹೆಣೆದು ಕಾದಾಡುತ್ತಿತ್ತು. ಮುದಿ ಗಂಡಿನ ಒಂದು ಕೋಡು ಬುಡಕ್ಕೇ ಮುರಿಯಿತು. ಹೊರಗಿನದರ ಎಡಗೋಡು ಒಳಕ್ಕೆ ಬಾಗಿತು. ಗೇಟು ತೆರೆದಿಟ್ಟು, ಹುಲ್ಲು ಸುರಿದು, ಒಳಗೆ ಕರೆದು ನೋಡಿದರು. ಬರಲಿಲ್ಲ. ಬಲೆ ಹಾಕಿದರು. ಬಲೆಯನ್ನು ಸುತ್ತಿ ಹೋಯಿತು.

ಅದಕ್ಕೆ ಮುದೀರ್ ಎಂದು ಹೆಸರಿಟ್ಟವನು ಅನ್ಸಾರ್, ತೋಟಕ್ಕೆ ಸಾಮಾನು ತರುವ ಪಿಕಪ್ಪಿನ ಡ್ರೈವರ್. ಅವನೂ ಬಂಟ್ವಾಳದ ಕಡೆಯವನೇ.

"ಬರ್ತಾನೆ, ಎಲ್ಲ ಸರಿ ಉಂಟಾ ಅಂತ ದೂರದಿಂದ ನೋಡ್ತಾನೆ, ಒಂದು ಕೆಲಸ ಮಾಡುವುದಿಲ್ಲ, ವಾಪಸ್ ಹೋಗ್ತಾನೆ" ಎಂದ ಅನ್ಸಾರ್. "ಮ್ಯಾನೇಜರ್ ಅಲ್ಲದೆ ಮತ್ತೆ ಎಂತ? ಇವನೇ ನಮ್ಮ ಮುದೀರ್."

ಹುಲ್ಲಿನ ಕಟ್ಟಿನ ಮೇಲಿನ ಮುಚ್ಚಳ ತೂತುತೂತಾದದ್ದನ್ನು ಕಂಡಿದ್ದ ಅರ್ಬಾಬ್ ಒಂದು ದಿನ ಮೊಯ್ದಿನನನ್ನು ಕರೆದು ಹೇಳಿದ. "ಅದು ಒಳಗಿನ ಗಂಡನ್ನು ಕೊಲ್ಲುವ ಮುಂಚೆ ನೀನೇ ಅದನ್ನು ತೆಗೆ. ಬಾಣದಲ್ಲಿ. ಸದ್ದಾಗಬಾರದು."

ಹಾಗೆ ಶುರುವಾಯಿತು. ಬೆಳಗಿನ ನಮಾಜು ಮುಗಿಸಿ, ಬಿಲ್ಲು ಹಿಡಿದು, ಬೇಲಿಯ ಆಚೆ ಒಣಗಿದ ಖರ್ಜೂರದ ಗರಿಗಳ ರಾಶಿಯ ಹಿಂದೆ ಅವನು ಮಲಗುತ್ತಿದ್ದ. ಮರಳು ತಣ್ಣಗಿರುತ್ತಿತ್ತು. ಬೆಳಕು ಮೆಲ್ಲ ಮೆಲ್ಲ ಬಿಳಿಯಾಗುತ್ತಿತ್ತು. ಮುದೀರ್ ಬರುತ್ತಿತ್ತು. ಬಾಣ ಮುಟ್ಟುವ ದೂರಕ್ಕಿಂತ ತುಸು ಆಚೆಗೆ ನಿಲ್ಲುತ್ತಿತ್ತು. ಮೂಗು ಎತ್ತುತ್ತಿತ್ತು. ಮುಂಗಾಲಿನಿಂದ ಒಮ್ಮೆ ನೆಲ ಬಡಿದು, ತಿರುಗಿ, ಅವಸರವಿಲ್ಲದೆ ಹೋಗುತ್ತಿತ್ತು.

ಮೊಯ್ದಿನ್ ಜಾಗ ಬದಲಿಸಿದ. ಗಾಳಿಗೆ ಎದುರಾಗಿ ಮಲಗಿದ. ಗಾಳಿ ಗೋಡೆಗೆ ಬಡಿದು ತಿರುಗುತ್ತದೆಂದು ತಿಳಿದ ಮೇಲೆ ಗೋಡೆ ಬಿಟ್ಟು ನೀರಿನ ಟ್ಯಾಂಕಿನ ಹಿಂದೆ ಕುಳಿತ. ಅಲ್ಲಿಯೂ ಗಾಳಿ ನಿಂತಲ್ಲಿ ನಿಲ್ಲಲಿಲ್ಲ. ಮಣ್ಣಿನ ಬಣ್ಣದ ಅಂಗಿ ತೊಟ್ಟ. ಬೀಡಿ ಬಿಟ್ಟ. ಒಂದು ಚಳಿಗಾಲ ಹೋಯಿತು. ಬೇಸಿಗೆಯಲ್ಲಿ ಮುದೀರ್ ಕಾಣಿಸಲಿಲ್ಲ. ಮತ್ತೊಂದು ಚಳಿಗಾಲ ಬಂತು, ಮುದೀರೂ ಬಂತು.

"ಎಂತ ಮೊಯ್ದಿನಾಕ, ಇವತ್ತಾದ್ರೂ ಸಾಹೇಬರ ಜೊತೆ ಮೀಟಿಂಗ್ ಆಯ್ತಾ?" ಎಂದು ಅನ್ಸಾರ್ ಪಿಕಪ್ಪಿನಿಂದಲೇ ಕೂಗುತ್ತಿದ್ದ.

"ಅಪಾಯಿಂಟ್‌ಮೆಂಟ್ ಕೊಟ್ಟಿಲ್ಲ."

"ಹೇಗೆ ಕೊಡುವುದು? ನೀವು ಬರುವ ಮುಂಚೆ ನಿಮ್ಮ ಎಣ್ಣೆ ಬರ್ತದಲ್ಲ ಮಾರಾಯ್ರೆ! ನನ್ನ ಗಾಡಿಯ ಸೀಟಿಗೆ ಹಿಡಿದದ್ದು ಇನ್ನೂ ಹೋಗಿಲ್ಲ."

ಇಬ್ಬರೂ ನಗುತ್ತಿದ್ದರು.

ಎಣ್ಣೆ ಊರಿನಲ್ಲಿ ಅವನ ಹೆಂಡತಿ ಹಬೀಬಾ ಕಾಯಿಸಿದ್ದು. ಊರಿನಿಂದ ಯಾರು ಬಂದರೂ ಅವರ ಪೆಟ್ಟಿಗೆಯಲ್ಲಿ ಮೊಯ್ದಿನನಿಗೆಂದು ಒಂದು ಶೀಶೆ ಇರುತ್ತಿತ್ತು, ಸೋರದ ಹಾಗೆ ಬಾಯಿಗೆ ಬಟ್ಟೆ ಕಟ್ಟಿ, ಪ್ಲಾಸ್ಟಿಕ್ ಸುತ್ತಿ. ತೆಂಗಿನೆಣ್ಣೆಗೆ ದಾಸವಾಳದ ಎಲೆ, ಕರಿಬೇವು, ಮದರಂಗಿ, ಕೊನೆಗೆ ಒಂದು ಹಿಡಿ ಮೆಂತೆ. ಮೆಂತೆ ಹಾಕಿದ ಹೊತ್ತಿಗೆ ಸರಿಯಾಗಿ ಅವಳನ್ನು ಯಾರಾದರೂ ಹೊರಗಿನಿಂದ ಕರೆಯುತ್ತಿದ್ದರು. ಮಾತು ಮುಗಿಸಿ ಬರುವಾಗ ಅದು ಸೀದಿರುತ್ತಿತ್ತು. ಪ್ರತಿ ಸಲವೂ ಹಾಗೇ ಆದದ್ದರಿಂದ ಆ ಎಣ್ಣೆ ಇರಬೇಕಾದದ್ದೇ ಹಾಗೆ ಎಂದಾಗಿತ್ತು. ಮೊದಲ ಸಲ ಕತಾರಿಗೆ ಹೊರಟಾಗ ಅವಳು ಹೇಳಿದ್ದಳು. "ಅಲ್ಲಿ ಉಪ್ಪುನೀರಂತೆ. ತಲೆಗೆ ದಿನಾ ಹಚ್ಚಿಕೊಳ್ಳಿ. ಬೋಳು ಮಾಡಿಕೊಂಡು ಬಂದ್ರೆ ನಾನು ಗುರ್ತ ಹಿಡಿಯುವುದಿಲ್ಲ." ಅವನು ದಿನಾ ಹಚ್ಚಿದ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಅವಳು ಮೊದಲು ನೋಡುತ್ತಿದ್ದುದು ಅವನ ತಲೆಯನ್ನು. ಅದರ ವಾಸನೆ ಅವನಿಗೆ ಯಾವಾಗಲೋ ಗೊತ್ತಾಗದೆ ಹೋಗಿತ್ತು. ಸ್ವಂತ ಮನೆಯ ವಾಸನೆ ಮನೆಯವರಿಗೆ ಗೊತ್ತಾಗುವುದಿಲ್ಲವಲ್ಲ, ಹಾಗೆ.

ತೊಂಬತ್ತಾರರ ಜನವರಿಯ ಒಂದು ಬೆಳಿಗ್ಗೆ ಮುದೀರ್ ಎಂದಿಗಿಂತ ಹತ್ತಿರ ಬಂದಿತ್ತು. ಗಾಳಿ ಪೂರ್ತಿ ಬಿದ್ದುಹೋಗಿತ್ತು. ಅದರ ಬಾಗಿದ ಕೋಡಿನ ಮೇಲಿನ ಉಂಗುರಗಳೂ ಕಾಣುತ್ತಿದ್ದವು. ಇನ್ನು ನಾಲ್ಕು ಹೆಜ್ಜೆ ಬಂದರೆ ಸಾಕಿತ್ತು. ಮೊಯ್ದಿನ್ ಬಾಣವನ್ನು ಹೆದೆಗೆ ಹೂಡಿ ಉಸಿರು ಹಿಡಿದು ಮಲಗಿದ್ದಾಗ ಹಿಂದೆ ಮರಳಿನಲ್ಲಿ ಹೆಜ್ಜೆ ಸದ್ದಾಯಿತು. ಅನ್ಸಾರ್.

"ಮೊಯ್ದಿನಾಕ" ಎಂದು ಅವನು ಪಿಸುಗುಟ್ಟಿದ. "ಅರ್ಬಾಬನ ಮನೆಗೆ ಊರಿನಿಂದ ಫೋನ್ ಬಂದಿತ್ತಂತೆ. ನಿಮ್ಮ ಭಾವ. ಕೂಡಲೇ ಮಾತಾಡಬೇಕಂತೆ."

ಮೊಯ್ದಿನ್ ತಿರುಗಿ ನೋಡಲಿಲ್ಲ. ಬಲಗೈ ಮೇಲೆತ್ತಿ ಅಂಗೈ ತೋರಿಸಿದ. ಸ್ವಲ್ಪ ತಡಿ.

ಅನ್ಸಾರ್ ಹಿಂದೆ ಸರಿದು ಗೋಡೆಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ಭಾವ ಫೋನ್ ಮಾಡುವುದು ಹೊಸತೇನಲ್ಲ. ಗದ್ದೆಯ ಗಡಿಗೂ ಮಾಡುತ್ತಿದ್ದ, ಹಲ್ಲು ನೋವಿಗೂ ಮಾಡುತ್ತಿದ್ದ. ಮುದೀರ್ ನಿಂತೇ ಇತ್ತು. ಬಿಸಿಲು ಖರ್ಜೂರದ ತುದಿಯಿಂದ ಬುಡಕ್ಕೆ ಇಳಿಯಿತು. ಮುದೀರ್ ಒಂದು ಹೆಜ್ಜೆ ಇಟ್ಟಿತು, ಮೂಗು ಎತ್ತಿತು, ನೆಲ ಬಡಿಯಿತು. ಆಮೇಲೆ ಹೋಯಿತು.

ಹೆದ್ದಾರಿ ಬದಿಯ ಮಲಯಾಳಿಯ ಅಂಗಡಿಯಲ್ಲಿ ಫೋನ್ ಇತ್ತು. ಅಲ್ಲಿಗೆ ತಲುಪಿ, ಲೈನ್ ಸಿಕ್ಕಿ, ಭಾವನ ದನಿ ಕೇಳುವಾಗ ಹಬೀಬಾ ತೀರಿಕೊಂಡು ಸ್ವಲ್ಪ ಹೊತ್ತಾಗಿತ್ತು. ಆಸ್ಪತ್ರೆಯ ಫೋನಿನ ಪಕ್ಕದಲ್ಲೇ ಅವಳ ಮಂಚ ಎಳೆದು ಇಟ್ಟಿದ್ದರಂತೆ. ಅವರ ದನಿ ಒಮ್ಮೆ ಕೇಳಬೇಕು ಎಂದು ಬೆಳಗಿನಿಂದ ಹೇಳುತ್ತಿದ್ದಳಂತೆ. ಭಾವ ಅದನ್ನು ದೂರಲಿಕ್ಕೆಂದು ಹೇಳಲಿಲ್ಲ. ನಡೆದದ್ದನ್ನು ಹೇಳಿದ, ಅಷ್ಟೆ.

"ಆಯ್ತು" ಎಂದ ಮೊಯ್ದಿನ್.

ಸಂಜೆಯೊಳಗೆ ದಫನ ಮಾಡುತ್ತೇವೆ ಎಂದರು. ಅವನು ಅದಕ್ಕೂ ಆಯ್ತು ಎಂದ. ತೋಟಕ್ಕೆ ಮರಳಿ ಬರ್ಸೀಮ್ ಗದ್ದೆಗೆ ನೀರು ಬಿಟ್ಟ. ಆ ದಿನ ನೀರಿನ ಸರದಿ ಇತ್ತು. ಗರಿಗಳ ಹಿಂದೆ ಮಲಗಿ ಮಲಗಿ ಅವನ ಕಾಲು ಜೋಮು ಹಿಡಿಯುವುದಿತ್ತು. ಎದ್ದು ನಡೆದರೆ ಇರುವೆ ಹರಿದಂತಾಗಿ, ಆಮೇಲೆ ಸರಿಹೋಗುತ್ತಿತ್ತು. ಆ ದಿನ ಎಲ್ಲೋ ಒಳಗೆ ಹಿಡಿದ ಜೋಮು ಸರಿಹೋಗಲಿಲ್ಲ. ನೋವೂ ಇರಲಿಲ್ಲ. ಶುಕ್ರವಾರ ದೋಹಾ ಅಲ್ ಜದೀದಾದಲ್ಲಿ ಊರಿನವರ ರೂಮಿಗೆ ಹೋದಾಗ ಎಲ್ಲರೂ ಅವನ ಕೈ ಹಿಡಿದರು. ಇಬ್ಬರು ಅತ್ತರು. ಅವರ ಕಣ್ಣೊರೆಸಲು ಪೆಟ್ಟಿಗೆಯಿಂದ ಟಿಶ್ಯೂ ತೆಗೆದು ಕೊಟ್ಟವನು ಅವನೇ.

ಮಗಳು ಹಸ್ನಾ ಫೋನಿನಲ್ಲಿ ಕೇಳಿದಳು. "ಉಪ್ಪಾ, ಎಣ್ಣೆ ಕಾಯಿಸಿ ಕಳಿಸ್ಲಾ? ಉಮ್ಮನ ಹಾಗೆ ನಾನು ಸೀಯ್ಲಿಕ್ಕೆ ಬಿಡುವುದಿಲ್ಲ."

"ಬೇಡ ಮಗಳೇ. ಇದು ಉಂಟು."

ಇದ್ದದ್ದು ಕೊನೆಯ ಶೀಶೆ. ಅವನು ಅದನ್ನೇ ಕಡಿಮೆ ಕಡಿಮೆ ಹಚ್ಚಿಕೊಂಡು ವರ್ಷ ತಳ್ಳಿದ. ಬೇಸಿಗೆ ಕಳೆದು ಮತ್ತೆ ಚಳಿ ಬಿದ್ದಾಗ ಮತ್ತೆ ಗರಿಗಳ ಹಿಂದೆ ಮಲಗಿದ. ಅನ್ಸಾರ್ ಈಗ ಮೀಟಿಂಗಿನ ತಮಾಷೆ ಮಾಡುತ್ತಿರಲಿಲ್ಲ. ಅರ್ಬಾಬನೇ ಸಾಕೆಂದರೂ ಮೊಯ್ದಿನ್ ಬಿಡಲಿಲ್ಲ. ಯಾಕೆಂದು ಅವನು ಯಾರಿಗೂ ಹೇಳಿದವನಲ್ಲ. ತನಗೆ ತಾನೇ ಹೇಳಿಕೊಂಡದ್ದು ಒಂದೇ ಮಾತು. ಆ ದಿನ ಕೈ ಎತ್ತಿದ್ದು ಈ ಪ್ರಾಣಿಗಾಗಿ. ಇದು ತನ್ನ ಬಾಣಕ್ಕೆ ಸಿಕ್ಕಿದರೆ ಆ ಕೈ ಎತ್ತಿದ್ದಕ್ಕೆ ಏನೋ ಒಂದು ಸಿಕ್ಕಿದ ಹಾಗೆ. ಸಿಗದಿದ್ದರೆ ಅವಳು ಅಲ್ಲಿ ಕಾದಾಗ ತಾನು ಇಲ್ಲಿ ಸುಮ್ಮನೆ ಮಲಗಿದ್ದ ಹಾಗೆ.

ದೋಹಾದ ಅಲ್ ಮುಂತಜಾದಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಶರೀಫ್ ಅವನ ಹಳೆಯ ಸ್ನೇಹಿತ. "ಮಕ್ಕಾಕ್ಕೆ ಹೋಗಿ ಹಬೀಬಾಳ ಹೆಸರಿನಲ್ಲಿ ಒಂದು ಉಮ್ರಾ ಮಾಡಿ ಬಾ" ಎಂದವನು ಅವನೇ. ಬಸ್ಸಿನಲ್ಲಿ ಸೀಟು ಮಾಡಿಸಿದವನೂ ಅವನೇ. ಮೊಯ್ದಿನ್ ರಜೆ ಕೇಳಿದಾಗ ಅರ್ಬಾಬ್ ಸಂತೋಷದಿಂದ ಒಪ್ಪಿದ. ಆಮೇಲೆ ಬೇಲಿಯ ಕಡೆ ನೋಡಿ ಹೇಳಿದ.

"ನೀನು ಹೋಗಿ ಬರುವವರೆಗೆ ಕಾಯುತ್ತೇನೆ. ಬಂದ ಮೇಲೆ ಒಂದು ವಾರ. ಆಮೇಲೆ ನನ್ನ ಅಣ್ಣನ ಮಕ್ಕಳು ಜೀಪು ತರುತ್ತಾರೆ. ತೋಟದಿಂದ ದೂರ, ಬಯಲಿನಲ್ಲಿ ಅಟ್ಟಿಸಿ ಹೊಡೆಯಲಿ. ಖಲಾಸ್."

ಹೊರಡುವ ಮುಂಚಿನ ಕೆಲವು ದಿನ ಧೂಳುಗಾಳಿ ಎದ್ದು ಯಾರೂ ಹೊರಗೆ ಬರುವಂತಿರಲಿಲ್ಲ. ಇಹ್ರಾಮಿನಲ್ಲಿ, ಯಾತ್ರೆಯ ಬಿಳಿ ಬಟ್ಟೆ ಕಟ್ಟಿ ವ್ರತದಲ್ಲಿರುವಾಗ, ಮೈಯಲ್ಲಿ ಯಾವ ಪರಿಮಳವೂ ಇರಬಾರದು ಎಂದು ಬಸ್ಸಿನ ತಂಡದ ಉಸ್ತಾದರು ಹೇಳಿದ್ದರಿಂದ ಮೊಯ್ದಿನ್ ಎಣ್ಣೆ ನಿಲ್ಲಿಸಿದ. ಸಾಬೂನಿನ ಗೊಡವೆಯೂ ಬೇಡವೆಂದು ಬರೀ ನೀರಿನಲ್ಲಿ ಮಿಂದ. ತಲೆಯನ್ನು ಕಡಲೆಹಿಟ್ಟು ಹಾಕಿ ಉಜ್ಜಿ ತೊಳೆದ.

ಹೊರಡುವ ದಿನ ಗಾಳಿ ನಿಂತು ಆಕಾಶ ತಿಳಿಯಾಗಿತ್ತು. ಹಿಂದಿನ ವರ್ಷ ವಿಮಾನದಲ್ಲಿ ಹೋಗಿದ್ದ ಶರೀಫ್ ಹೇಳಿದ್ದ. "ಇಲ್ಲಿಂದಲೇ ಬಟ್ಟೆ ಕಟ್ಟಿ ನಿಯ್ಯತ್ ಮಾಡಿಬಿಡು. ಮತ್ತೆ ಆಕಾಶದಲ್ಲಿ, ಬಟ್ಟೆ ಕಟ್ಟಲೇಬೇಕಾದ ಗಡಿ ದಾಟಿದ್ದೇ ಗೊತ್ತಾಗುವುದಿಲ್ಲ." ಬಸ್ಸಿನವರಿಗೆ ಅದು ಬೇರೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಬೆಳಗಿನ ನಮಾಜು ಮುಗಿಸಿ ಮೊಯ್ದಿನ್ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಂಡ. ಹಬೀಬಾಳ ಹೆಸರು ಹೇಳಿ ನಿಯ್ಯತ್ ಮಾಡಿ ಉಮ್ರಾದ ಸಂಕಲ್ಪ ತೊಟ್ಟ. ಬಂದೆ ಒಡೆಯನೇ ಎಂದು ಲಬ್ಬೈಕ್ ಹೇಳಿದ. ಪಿಕಪ್ ಬರುವವರೆಗೆ ಎಂದು ಕೋಣೆಯ ಹೊರಗೆ ಬಂದು ನಿಂತ.

ಮುದೀರ್ ನೀರಿನ ಟ್ಯಾಂಕಿನ ಬಳಿ ನಿಂತಿತ್ತು.

ಅದು ಅವನನ್ನು ನೋಡಿತು. ಮೂಗು ಎತ್ತಿತು. ಗಾಳಿ ಅವನ ಕಡೆಯಿಂದಲೇ ಬೀಸುತ್ತಿತ್ತು. ಅದು ನೆಲ ಬಡಿಯಲಿಲ್ಲ. ಟ್ಯಾಂಕಿನಿಂದ ಸೋರಿದ ನೀರನ್ನು ಸ್ವಲ್ಪ ಕುಡಿದು, ಇತ್ತ ನಡೆದು ಬಂತು. ಆಡಿನ ಹಾಗೆ ಬಂತು. ಬಿಲ್ಲು ಬೇಕಿರಲಿಲ್ಲ, ಕಲ್ಲು ಎಸೆದರೂ ತಾಗುವಷ್ಟು ಹತ್ತಿರ. ಬಾಗಿದ ಎಡಗೋಡು. ಮೀಸೆಯಲ್ಲಿ ನೀರಿನ ಹನಿ.

ಬಿಲ್ಲು ಅವನ ಬೆನ್ನ ಹಿಂದಿನ ಬಾಗಿಲೊಳಗೆ, ಮೊಳೆಯಲ್ಲಿ ಇತ್ತು. ಇಹ್ರಾಮ್ ಕಟ್ಟಿದವನು ಬೇಟೆಯಾಡಬಾರದು. ಬೇಟೆಯನ್ನು ಇನ್ನೊಬ್ಬನಿಗೆ ಬೆರಳು ಮಾಡಿ ತೋರಿಸಲೂ ಬಾರದು. ಮಾಡಿದ ನಿಯ್ಯತ್ತನ್ನು ಮುಗಿಸದೆ ಬಿಚ್ಚುವ ಹಾಗೂ ಇಲ್ಲ. ಚಿಕ್ಕಂದಿನಲ್ಲಿ ಮದರಸದಲ್ಲಿ ಬಾಯಿಪಾಠ ಮಾಡಿದ್ದು ಇಷ್ಟು ವರ್ಷದ ಮೇಲೆ ಕೈಕಾಲಿಗೆ ನೆನಪಿತ್ತು. ಅವು ಅಲುಗಲಿಲ್ಲ.

ಪಿಕಪ್ಪಿನ ಸದ್ದಾಯಿತು. ಮುದೀರ್ ಕಿವಿ ತಿರುಗಿಸಿ ಖರ್ಜೂರದ ಸಾಲಿನೊಳಗೆ ಸರಿಯಿತು. ಮೊಯ್ದಿನ್ ತಲೆ ತಗ್ಗಿಸಿ ನೆಲ ನೋಡುತ್ತ ನಿಂತ.

"ಯಲ್ಲಾ ಮೊಯ್ದಿನಾಕ!" ಎಂದು ಇಳಿದ ಅನ್ಸಾರ್ ಅವನನ್ನು ಕಂಡು ಬಾಯಿ ತೆರೆದ. "ಅಯ್ಯೋ, ಇದೆಂತ ಈಗಲೇ? ಬಸ್ಸಿನವರು ತಾಯಿಫ್ ಹತ್ತಿರ ಅಲ್ವಾ ಕಟ್ಟುವುದು? ಅಲ್ಲಿಗೆ ಇನ್ನೂ ಎಷ್ಟು ದೂರ ಉಂಟು! ಈ ಚಳಿಗೆ ಬಾರ್ಡರಿನಲ್ಲಿ ನಡುಗಿ ಸಾಯ್ತೀರಿ."

"ಶರೀಫ್ ಹೇಳಿದ."

"ಶರೀಫಾಕ ಹೋದದ್ದು ವಿಮಾನದಲ್ಲಿ ಮಾರಾಯ್ರೆ!" ಅವನು ನಗುತ್ತ ಚೀಲ ಎತ್ತಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಒದ್ದೆ ಮರಳಿನಲ್ಲಿ ಹೊಸ ಗೊರಸಿನ ಗುರುತುಗಳು ಬಾಗಿಲ ಸಮೀಪದವರೆಗೂ ಇದ್ದವು. "ಇದು ಮುದೀರಿದ್ದಲ್ವಾ? ಇಷ್ಟು ಹತ್ತಿರ? ನೀವು ಕಂಡ್ರಾ? ಯಾವ ಕಡೆಗೆ ಹೋಯ್ತು?"

ಮೊಯ್ದಿನ್ ಕೈಗಳನ್ನು ಬಿಳಿ ಬಟ್ಟೆಯೊಳಗೆ ಇಟ್ಟುಕೊಂಡ.

"ಅಂದ್ರೆ ನೀವು ಇದನ್ನು ಕಟ್ಟದಿದ್ರೆ..." ಎಂದು ಶುರುಮಾಡಿದ ಅನ್ಸಾರ್ ಅಲ್ಲಿಗೇ ನಿಲ್ಲಿಸಿದ.

"ಗಾಡಿ ತೆಗಿ. ಬಸ್ಸು ಹೋದೀತು."

ಬಸ್ಸಿನಲ್ಲಿ ಗಡಿಯವರೆಗೂ ಅವನು ಯೋಚಿಸಿದ್ದು ಒಂದನ್ನೇ. ಯಾಕೆ ಬಂತು? ಬಿಳಿ ಬಟ್ಟೆಗೆ ಬೆದರಬೇಕಿತ್ತು. ಗಾಳಿ ಅದರ ಕಡೆಗೇ ಇತ್ತು. ಪಕ್ಕದ ಸೀಟಿನವನು ಬಾಮ್ ಹಚ್ಚಲು ತೆಗೆದಾಗ ಉಸ್ತಾದರು, "ನಿಯ್ಯತ್ ಮಾಡಿದವರು ಹತ್ತಿರ ಇದ್ದಾರೆ, ವಾಸನೆಯ ವಸ್ತು ದೂರ ಇಡಿ" ಎಂದರು. ಮೊಯ್ದಿನ್ ತನ್ನ ಒಣಗಿದ ತಲೆಯ ಮೇಲೆ ಕೈ ಇಟ್ಟ. ಎಣ್ಣೆಯ ಬಗ್ಗೆ ಅನ್ಸಾರ್ ಮಾಡುತ್ತಿದ್ದ ತಮಾಷೆ ನೆನಪಾಯಿತು. ಕೆಟ್ಟ ಮೋಟಾರಿನಲ್ಲಿ ಸಡಿಲಾದ ತಂತಿ ಎಲ್ಲಿದೆ ಎಂದು ತಿಳಿಯುತ್ತದಲ್ಲ, ಹಾಗೆ ತಿಳಿಯಿತು. ಅದರಿಂದ ಅವನಿಗೆ ಸಂತೋಷವಾಗಲಿಲ್ಲ, ಬೇಸರವೂ ಆಗಲಿಲ್ಲ.

ಮಕ್ಕಾದಲ್ಲಿ ಕಾಬಾ ಕಂಡಾಗ ಬಸ್ಸಿನವರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ಮೊಯ್ದಿನ್ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆ ಮಾಡಿದ. ಸುತ್ತಿದ, ನಡೆದ, ದುಆ ಮಾಡಿದ. ಹಬೀಬಾಳ ಹೆಸರನ್ನು ಸರಿಯಾಗಿ ಹೇಳಿದ. ಅಂಗಳದಲ್ಲಿ ಪಾರಿವಾಳಗಳು ಜನರ ಕಾಲಿಗೆ ಸಿಗುವಂತೆ ನಡೆಯುತ್ತಿದ್ದವು. ಯಾರೂ ತಮ್ಮನ್ನು ಮುಟ್ಟುವುದಿಲ್ಲವೆಂದು ಅವಕ್ಕೆ ಗೊತ್ತಿತ್ತು. ಕ್ಷೌರದವನು ತಲೆ ಪೂರ್ತಿ ಬೋಳಿಸಿದ. ಅಲ್ಲಿಗೆ ಇಹ್ರಾಮ್ ಮುಗಿಯಿತು.

ಮರಳಿ ಬಂದ ಮೇಲೆ ಒಂದು ದಿನ ಮಲಗಿದ. ಎಣ್ಣೆಯ ಶೀಶೆ ಟ್ರಂಕಿನಲ್ಲಿ, ತಳದಲ್ಲಿ ಒಂದು ಬೆರಳಿನಷ್ಟು ಉಳಿದಿತ್ತು. ಅದನ್ನು ತೆರೆಯಲಿಲ್ಲ. ಬರೀ ನೀರಿನಲ್ಲಿ ಮಿಂದು, ಬರೀ ನೀರಿನಲ್ಲಿ ಒಗೆದ ಅಂಗಿ ತೊಟ್ಟು, ಮಾರನೆಯ ಬೆಳಿಗ್ಗೆ ಗರಿಗಳ ಹಿಂದೆ ಕುಳಿತ.

ಮುದೀರ್ ಬಂತು. ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಲಿಲ್ಲ. ಅದನ್ನು ದಾಟಿ, ಪರಿಚಯದ ಅಂಗಳಕ್ಕೆ ಬಂದ ಹಾಗೆ ಬಂದು, ಪಕ್ಕ ತಿರುಗಿಸಿ, ಬೇಲಿಯತ್ತ ನೋಡುತ್ತ ನಿಂತಿತು. ಮೊಯ್ದಿನ್ ಹೆದೆ ಎಳೆದ. ಬಿಸ್ಮಿಲ್ಲಾ ಹೇಳಿ ಬಿಟ್ಟ. ಮುಂಗಾಲಿನ ಹಿಂದೆ ಬಾಣ ಇಳಿಯಿತು. ಅದು ಸ್ವಲ್ಪ ದೂರ ಓಡಿ ಮೊಣಕಾಲೂರಿತು. ಅವನು ಹೋಗಿ ತಲೆ ಹಿಡಿದು, ಮತ್ತೊಮ್ಮೆ ಅಲ್ಲಾಹನ ಹೆಸರು ಹೇಳಿ, ಕತ್ತಿ ಹಾಕಿದ. ಒಳಗಿನ ಜಿಂಕೆಗಳು ಒಂದೂ ಬೆದರಲಿಲ್ಲ. ಅಷ್ಟು ಸದ್ದಿಲ್ಲದೆ ಆಯಿತು.

ಮರಳಿನ ಮೇಲೆ ಕುಳಿತು ಕಾದ. ಏನೋ ಆಗಬೇಕಿತ್ತು. ಬಿಸಿಲು ಏರಿತು. ಕೈಯ ರಕ್ತ ಒಣಗಿ ಚರ್ಮ ಬಿಗಿಯಿತು. ಹಾಗೇ ಎದ್ದು ಹೋಗಿ ತೊಳೆದುಕೊಂಡ.

ಅರ್ಬಾಬ್ ಬಂದು ಅವನ ಬೆನ್ನು ಚಪ್ಪರಿಸಿದ. "ಖಲಾಸ್ ಮುದೀರ್!" ಎಂದು ಜೋರಾಗಿ ನಕ್ಕ. ಒಂದು ತೊಡೆಯನ್ನು ಕೆಲಸದವರಿಗೆ ಬಿಟ್ಟು ಉಳಿದದ್ದನ್ನು ಮನೆಗೆ ಒಯ್ದ. ಶುಕ್ರವಾರ ಅನ್ಸಾರ್ ಬಿರಿಯಾನಿ ಮಾಡಿದ. ಮೊಯ್ದಿನ್ ಉಂಡ. ಹೇಗುಂಟು ಎಂದು ಕೇಳಿದ್ದಕ್ಕೆ ಉಪ್ಪು ಸರಿ ಉಂಟು ಎಂದ.

"ಮೊಯ್ದಿನಾಕ, ನಿಮ್ಮ ತಲೆ ನೋಡಿದ್ರಾ ಕನ್ನಡಿಯಲ್ಲಿ?" ತಟ್ಟೆ ತೊಳೆಯುತ್ತ ಅನ್ಸಾರ್ ಹೇಳಿದ. ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಮತ್ತೆ ತಮಾಷೆ ಬಂದಿತ್ತು. "ಒಣಮೀನಿನ ಹಾಗೆ ಹಕ್ಕಳೆ ಎದ್ದಿದೆ. ಎಣ್ಣೆಯಾದ್ರೂ ಹಚ್ಚಿ. ಇನ್ನು ಯಾರಿಗೆ ಹೆದರುವುದು?"

ಹೌದು, ಈಗ ಹಚ್ಚಬಹುದಿತ್ತು. ಮೊಯ್ದಿನ್ ಕೋಣೆಗೆ ಹೋಗಿ ಟ್ರಂಕು ತೆರೆದ. ಶೀಶೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಮುಚ್ಚಳ ತಿರುಗಿಸಿದ.

ಸೀದ ಮೆಂತೆಯ ವಾಸನೆ ಮೂಗಿಗೆ ಬಡಿಯಿತು.

ಎಷ್ಟೋ ವರ್ಷ ಅವನಿಗೆ ಗೊತ್ತಾಗದೆ ಹೋಗಿದ್ದ ವಾಸನೆ. ಪಾಣೆಮಂಗಳೂರಿನ ಅಡುಗೆಕೋಣೆ. ಒಲೆಯ ಮೇಲೆ ಬಾಣಲೆ ಹೊಗೆಯಾಡುತ್ತಿದೆ. ಹಬೀಬಾ ಬಾಗಿಲಲ್ಲಿ ನಿಂತು, ಸೌಟು ಕೈಯಲ್ಲೇ ಹಿಡಿದು, ಹೊರಗೆ ಯಾರಿಗೋ ಏನೋ ಹೇಳುತ್ತಿದ್ದಾಳೆ. ಅವಳಿಗೆ ಇನ್ನೂ ವಾಸನೆ ಗೊತ್ತಾಗಿಲ್ಲ. ಇನ್ನೇನು ತಿರುಗುತ್ತಾಳೆ.

ಮರಳಿನ ಮೇಲೆ ಅಷ್ಟು ದೂರದಲ್ಲಿ ನಿಂತು, ಮೂಗು ಎತ್ತಿ, ಮುದೀರ್ ಪ್ರತಿ ಬೆಳಿಗ್ಗೆ ಮೂಸಿದ್ದು ಇದನ್ನೇ. ಕತಾರಿನಲ್ಲಿ ಅವಳ ಗುರುತು ಇದ್ದದ್ದು ಆ ಪ್ರಾಣಿಯೊಂದಕ್ಕೆ.

ಮೊಯ್ದಿನ್ ಮಂಚದ ಅಂಚಿನಲ್ಲಿ ಕುಳಿತ. ಎಣ್ಣೆಯನ್ನು ಅಂಗೈಗೆ ಸುರಿಯಲಿಲ್ಲ. ಶೀಶೆಯನ್ನು ಮುಖದ ಹತ್ತಿರ ಹಿಡಿದ. ಎದೆಯೊಳಗೆ ಎಲ್ಲೋ ಒಂದು ಕಡೆ ಇರುವೆ ಹರಿದಂತಾಯಿತು.

ಹೊರಗೆ ಪಿಕಪ್ ಚಾಲೂ ಆಯಿತು. ಅನ್ಸಾರ್ ಬಾಗಿಲಿಗೆ ಬಂದ. "ಮೊಯ್ದಿನಾಕ, ದೋಹಾಕ್ಕೆ ಹೋಗುವ. ಶರೀಫಾಕ ಕಾಯ್ತಾ ಇರ್ತಾರೆ." ಮೂಗರಳಿಸಿ ನಕ್ಕ. "ಹಾಂ, ಈಗ ನೀವು ನೀವಾದ್ರಿ ನೋಡಿ."

ಮೊಯ್ದಿನ್ ತಿರುಗಿ ನೋಡಲಿಲ್ಲ. ಶೀಶೆಯನ್ನು ಎಡಗೈಯಲ್ಲಿ ಹಾಗೇ ಹಿಡಿದುಕೊಂಡು ಬಲಗೈ ಮೇಲೆತ್ತಿ ಅಂಗೈ ತೋರಿಸಿದ.

ಅನ್ಸಾರನ ನಗು ನಿಂತಿತು. ಅವನು ಹೋಗಿ ಪಿಕಪ್ಪನ್ನು ಆಫ್ ಮಾಡಿ, ಗೋಡೆಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಾದ.